ಇಂಟರ್ನೆಟ್ ಫೋನ್ ಬಂದ ಮೇಲೆ ಆಫೀಸಿನ ನೆಟ್ ನಿಧಾನವಾಯಿತೇ? ದೋಷ ಹುಡುಕುವ ಬಗೆ

ಮುಂಬೈಯ ಮಸ್ಜಿದ್ ಬಂದರಿನ ಹಳೇ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ ಲಾರಿ ಬುಕಿಂಗ್ ಆಫೀಸೊಂದಿದೆ. ಹುಬ್ಬಳ್ಳಿ, ಮಂಗಳೂರು ಕಡೆಗೆ ಮಾಲು ಕಳಿಸುವ ಆಫೀಸು. ಮಾಲೀಕರು ಕುಂದಾಪುರದವರು. ಒಳಗೆ ಕೆಲಸ ಮಾಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡದವರೇ. 24 ಕಂಪ್ಯೂಟರ್, 20 ಫೋನು. ಏಪ್ರಿಲ್‌ನಲ್ಲಿ ಹಳೇ ಲ್ಯಾಂಡ್‌ಲೈನ್ ತೆಗೆಸಿ ಇಂಟರ್ನೆಟ್ ಫೋನ್ ಹಾಕಿಸಿದರು. ಮೇ ಮುಗಿಯುವುದರೊಳಗೆ ನನಗೆ ಕರೆ ಬಂತು.

"ಫೋನ್ ಹಾಕ್ಸಿದ ದಿನದಿಂದ ನೆಟ್ ಓಡುವುದೇ ಇಲ್ಲ ಮಾರಾಯ್ರೆ. 100 ಎಂಬಿಪಿಎಸ್ ಸಾಕಾಗುದಿಲ್ಲ ಕಾಣ್ತದೆ. 300 ಮಾಡ್ಸಿ ಬಿಡ್ಲಾ?"

ಬೇಡ ಅಣ್ಣ, ಎರಡು ದಿನ ಕೊಡಿ, ಅಳೆದು ನೋಡಿ ಹೇಳುತ್ತೇನೆ ಎಂದೆ. ಆ ಎರಡು ದಿನದಲ್ಲಿ ಏನೇನು ನೋಡಿದೆ, ಯಾಕೆ ನೋಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಆಫೀಸಿನಲ್ಲೂ ಇದೇ ದೂರು ಇದ್ದರೆ ಇದೇ ದಾರಿಯಲ್ಲಿ ಹೋಗಿ. ದುಡ್ಡು ಕೊಟ್ಟು ಲೈನ್ ದೊಡ್ಡದು ಮಾಡಿಸುವುದು ಕೊನೆಯ ಕೆಲಸ, ಮೊದಲನೆಯದಲ್ಲ.

ಫೋನು ಎಷ್ಟು ತಿನ್ನುತ್ತದೆ?

ಮೊದಲು ಈ ಲೆಕ್ಕ ತಿಳಿದಿರಲಿ. ಇಂಟರ್ನೆಟ್ ಫೋನು ನಮ್ಮ ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಚೂರು ಮಾಡಿ ಕಳಿಸುತ್ತದೆ. ಒಂದೊಂದು ಚೂರಿನಲ್ಲಿ 20 ಮಿಲಿಸೆಕೆಂಡಿನ ಮಾತು. ಮಾತನ್ನು ಅಂಕಿಗಳಾಗಿ ಬದಲಿಸುವ ವಿಧಾನಕ್ಕೆ ಕೊಡೆಕ್ ಎನ್ನುತ್ತಾರೆ. ಜಿ.711 ಎಂಬ ಕೊಡೆಕ್‌ನಲ್ಲಿ ಮಾತಿನ ತೂಕ 64 ಕೆಬಿಪಿಎಸ್ (1000 ಕೆಬಿಪಿಎಸ್ ಅಂದರೆ 1 ಎಂಬಿಪಿಎಸ್). ಪ್ರತಿ ಚೂರಿಗೂ ವಿಳಾಸದ ಚೀಟಿಗಳು ಅಂಟಿಕೊಳ್ಳುತ್ತವೆ. ಅದೆಲ್ಲ ಸೇರಿದರೆ ಈಥರ್ನೆಟ್ ಕೇಬಲ್ ಮೇಲೆ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್. ಜಿ.729 ಎಂಬ ಇನ್ನೊಂದು ಕೊಡೆಕ್ ಮಾತನ್ನು 8 ಕೆಬಿಪಿಎಸ್‌ಗೆ ಇಳಿಸುತ್ತದೆ. ಆದರೆ ಕೇಬಲ್ ಮೇಲೆ ಅದೂ 31 ಆಗುತ್ತದೆ. ಯಾಕೆಂದರೆ ಅಲ್ಲಿ 20 ಬೈಟ್ ಮಾತಿಗೆ 58 ಬೈಟ್ ಚೀಟಿ. ಮೂಟೆಗಿಂತ ಚೀಟಿಯೇ ಭಾರ.

ಈಗ ಗುಣಿಸಿ. 20 ಫೋನಿನಲ್ಲೂ ಒಟ್ಟಿಗೆ ಮಾತಾಡಿದರೂ ಜಿ.711ರಲ್ಲಿ ಒಂದು ದಿಕ್ಕಿಗೆ 1.74 ಎಂಬಿಪಿಎಸ್. 100ರ ಲೈನಿನಲ್ಲಿ ಇದು ಏನೇನೂ ಅಲ್ಲ. ಹಾಗಾಗಿ "ಫೋನು ನೆಟ್ ತಿಂದು ಹಾಕುತ್ತಿದೆ" ಎಂಬ ಮಾತನ್ನು ಇಲ್ಲಿಗೇ ಬಿಡಬಹುದು.

ಹಾಗಂತ ಫೋನಿಗೆ ಏನೂ ಬೇಡ ಅಂತಲ್ಲ. ಅದಕ್ಕೆ ಜಾಗ ಕಡಿಮೆ ಸಾಕು, ಹೊತ್ತಿಗೆ ಸರಿಯಾಗಿ ತಲುಪುವುದು ಮುಖ್ಯ. ಒಂದು ಕಡೆಯ ಪ್ರಯಾಣ 150 ಮಿಲಿಸೆಕೆಂಡಿನ ಒಳಗೆ ಮುಗಿಯಬೇಕು ಎಂಬುದು ಐಟಿಯು ಎಂಬ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯ ಜಿ.114 ಶಿಫಾರಸಿನಲ್ಲಿರುವ ಅಳತೆ. ಚೂರುಗಳು ಬರುವ ಅಂತರದ ಏರಿಳಿತಕ್ಕೆ ಜಿಟರ್ ಎನ್ನುತ್ತಾರೆ. ಅದು 30 ಮಿಲಿಸೆಕೆಂಡ್ ದಾಟಬಾರದು, ಕಳೆದುಹೋಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ಈ ಕೆಲಸದವರು ಪಾಲಿಸುವ ಲೆಕ್ಕ. ತಡವಾಗಿ ಬಂದ ಫೈಲಿನ ಚೂರು ಕೆಲಸಕ್ಕೆ ಬರುತ್ತದೆ. ತಡವಾಗಿ ಬಂದ ಮಾತಿನ ಚೂರನ್ನು ಫೋನು ಎಸೆದುಬಿಡುತ್ತದೆ. ಫೈಲ್, ವೆಬ್‌ಸೈಟ್ ಎಲ್ಲ ಸರಿ ಇದ್ದಂತೆ ಕಂಡರೂ ಫೋನ್ ಮಾತ್ರ ಒಡೆದು ಕೇಳಿಸುವುದು ಇದಕ್ಕೇ. ಸಣ್ಣ ಜ್ವರವನ್ನೂ ಅದು ಮೊದಲು ತೋರಿಸಿಬಿಡುತ್ತದೆ.

ನೋಟ್‌ಬುಕ್ ಇಡಿ

ನಾನು ಯಾವ ಉಪಕರಣವನ್ನೂ ತೆಗೆಯುವ ಮೊದಲು ನಾಲ್ಕು ಮೇಜಿನ ಮೇಲೆ ಒಂದೊಂದು ನೋಟ್‌ಬುಕ್ ಇಟ್ಟೆ. ತೊಂದರೆ ಆದಾಗ ಮೂರು ಸಂಗತಿ ಬರೆಯಿರಿ ಎಂದೆ. ಎಷ್ಟು ಗಂಟೆಗೆ ಆಯಿತು? ಯಾರ ಮಾತು ಯಾರಿಗೆ ಕೇಳಲಿಲ್ಲ? ಕರೆ ಕಟ್ಟಾಗಿದ್ದರೆ ಎಷ್ಟು ಹೊತ್ತಿಗೆ ಕಟ್ಟಾಯಿತು?

ಎರಡನೇ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಎದುರಿನವರ ಮಾತು ನಮಗೆ ಒಡೆದು ಕೇಳಿದರೆ ತೊಂದರೆ ಒಳಗೆ ಬರುವ ದಿಕ್ಕಿನಲ್ಲಿದೆ, ಅಂದರೆ ಡೌನ್‌ಲೋಡ್. ನಮ್ಮ ಮಾತು ಅವರಿಗೆ ಒಡೆದು ಕೇಳಿದರೆ ಹೊರಗೆ ಹೋಗುವ ದಿಕ್ಕಿನಲ್ಲಿದೆ, ಅಂದರೆ ಅಪ್‌ಲೋಡ್. ಬರೀ "ಫೋನ್ ಸರಿ ಇಲ್ಲ" ಅಂದರೆ ಅರ್ಧ ಸುಳಿವು ಕೈತಪ್ಪಿ ಹೋಗುತ್ತದೆ.

ಮಾರನೇ ದಿನ ಸಂಜೆಗೆ ನೋಟ್‌ಬುಕ್ಕಿನಲ್ಲಿ ಚಿತ್ರ ಸ್ಪಷ್ಟವಾಗಿತ್ತು. ಅಕೌಂಟ್ಸ್ ನೋಡುವ ಅಕ್ಕ ಬರೆದದ್ದು: ಟ್ಯಾಲಿ ಬ್ಯಾಕಪ್ ಕಾಪಿ ಮಾಡುವಾಗ ನಿಧಾನ, ಬೆಳಗ್ಗೆಯೂ ಅಷ್ಟೇ ಸಂಜೆಯೂ ಅಷ್ಟೇ. ಬುಕಿಂಗ್ ಹುಡುಗರು ಬರೆದದ್ದು: ಸಂಜೆ 4ರಿಂದ 5:30. ಹುಬ್ಬಳ್ಳಿಯ ಗೋದಾಮಿನವರು "ಅಣ್ಣಾರ, ನಿಮ್ಮ ದನಿ ಕಟ್ ಕಟ್ ಆಗಾಕತ್ತೈತ್ರಿ" ಅನ್ನುತ್ತಾರೆ. ಅವರ ಮಾತು ಇಲ್ಲಿಗೆ ಸ್ವಚ್ಛ ಕೇಳುತ್ತದೆ.

ಅಂದರೆ ಇದು ಒಂದು ರೋಗ ಅಲ್ಲ, ಎರಡು. ಒಂದು ದಿನವಿಡೀ ಇದೆ, ಇನ್ನೊಂದು ಸಂಜೆ ಮಾತ್ರ. ಎರಡನ್ನೂ ಸೇರಿಸಿ "ನೆಟ್ ನಿಧಾನ" ಎಂದು ಕರೆದಿದ್ದರಿಂದ ಯಾರಿಗೂ ದಾರಿ ಕಂಡಿರಲಿಲ್ಲ.

ಗೋಡೆಯ ಒಳಗೋ, ಹೊರಗೋ

ಒಂದು ಕಂಪ್ಯೂಟರಿನಲ್ಲಿ ಎರಡು ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆರೆಯಿರಿ. ವೈಫೈ ಬೇಡ, ಕೇಬಲ್‌ನಲ್ಲೇ ಇರಲಿ. ಒಂದರಲ್ಲಿ ನಿಮ್ಮ ರೂಟರಿಗೆ ‘ಪಿಂಗ್ -ಟಿ’ ಕೊಡಿ, ಇನ್ನೊಂದರಲ್ಲಿ ಫೋನ್ ಕಂಪನಿಯ ಸರ್ವರಿಗೆ. ಪಿಂಗ್ ಅಂದರೆ ಸಣ್ಣ ಚೀಟಿ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆಯುವುದು. ಬೆಳಗ್ಗೆಯಿಂದ ಸಂಜೆಯವರೆಗೆ ಓಡಲಿ. ರೂಟರಿನ ಉತ್ತರ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರಬೇಕು. ಅದೇ ಏರಿದರೆ ತೊಂದರೆ ನಿಮ್ಮ ಸ್ವಿಚ್ (ಆಫೀಸಿನ ನೆಟ್ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ), ಕೇಬಲ್ ಅಥವಾ ರೂಟರಿನಲ್ಲಿದೆ. ರೂಟರ್ ಸರಿ ಇದ್ದು ಹೊರಗಿನದ್ದು ಏರಿದರೆ ಇಂಟರ್ನೆಟ್ ಲೈನಿನ ಕಡೆ ನೋಡಿ.

ಒಂದು ಎಚ್ಚರಿಕೆ. ದಾರಿಯಲ್ಲಿ ಸಿಗುವ ರೂಟರುಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೂಟ್ ಹಾಕಿದಾಗ ನಡುವಿನ ಯಾವುದೋ ರೂಟರ್ ಉತ್ತರ ಕೊಡದೇ ಇದ್ದರೆ ಗಾಬರಿ ಬೇಡ. ಎಷ್ಟೋ ರೂಟರ್‌ಗಳು ಪಿಂಗಿಗೆ ಉತ್ತರ ಕೊಡುವುದನ್ನು ಹಿಂದೆ ತಳ್ಳುತ್ತವೆ. ಕೊನೆಯ ಊರಿಗೆ ತಲುಪಿತೇ ಇಲ್ಲವೇ ಅಷ್ಟೇ ನೋಡಿ. ಈ ನಡುವಿನ ಸಾಲುಗಳನ್ನು ಹಿಡಿದು ಲೈನಿನವರ ಜೊತೆ ಜಗಳಕ್ಕೆ ನಿಲ್ಲುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅದರಿಂದ ದಿನ ಹೋಗುತ್ತದೆ, ಕೆಲಸ ಆಗುವುದಿಲ್ಲ.

ನಮ್ಮಲ್ಲಿ ರೂಟರಿನ ಪಿಂಗ್ ದಿನವಿಡೀ 1ರ ಒಳಗೇ ಇತ್ತು. ಹೊರಗಿನದ್ದು ಬೆಳಗ್ಗೆ 6. ನಾಲ್ಕು ಗಂಟೆ ದಾಟಿದಂತೆ 400, ಒಮ್ಮೊಮ್ಮೆ 700.

ಮೊದಲನೇ ರೋಗ: ಫೋನಿನ ಹಿಂದಿನ ತೂತು

ಅಕ್ಕನ ದೂರು ಪಿಂಗಿನಲ್ಲಿ ಕಾಣಲೇ ಇಲ್ಲ. ಕಾಣುವುದೂ ಇಲ್ಲ. ಪಿಂಗ್ ಸಣ್ಣ ಚೀಟಿ, ಕಿರಿದಾದ ಬಾಗಿಲಿನಲ್ಲೂ ಸಲೀಸಾಗಿ ನುಗ್ಗುತ್ತದೆ. ಬಾಗಿಲಿನ ಅಗಲ ಗೊತ್ತಾಗಬೇಕಾದರೆ ದೊಡ್ಡ ಫೈಲ್ ಕಾಪಿ ಮಾಡಿ ಗಡಿಯಾರ ನೋಡಬೇಕು.

ಅವರ ಮೇಜಿನ ಹಿಂದೆ ಬಗ್ಗಿ ನೋಡಿದೆ. ಹಳೇ ಆಫೀಸು, ಮೇಜಿಗೆ ಒಂದೇ ಗೋಡೆ ಸಾಕೆಟ್. ಫೋನ್ ಹಾಕಲು ಬಂದವರು ಸಾಕೆಟ್ಟಿನಿಂದ ಕೇಬಲ್ ತೆಗೆದು ಫೋನಿಗೆ ಚುಚ್ಚಿದ್ದರು. ಫೋನಿನ ಹಿಂದಿನ ‘ಪಿಸಿ’ ಎಂಬ ಪೋರ್ಟಿನಿಂದ ಕಂಪ್ಯೂಟರಿಗೆ ಇನ್ನೊಂದು ಕೇಬಲ್. ಇದು ತಪ್ಪಲ್ಲ, ಆ ಪೋರ್ಟ್ ಇರುವುದೇ ಇದಕ್ಕೆ. ಆದರೆ ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಈ ಪೋರ್ಟ್ 100 ಎಂಬಿಪಿಎಸ್‌ನದ್ದು. ಮೊದಲು ಕಂಪ್ಯೂಟರಿನಿಂದ ಆಫೀಸಿನೊಳಗೇ ಇರುವ ಫೈಲ್ ಸರ್ವರಿಗೆ 1000ದ ದಾರಿ ಇತ್ತು. ಫೋನ್ ನಡುವೆ ಕೂತ ದಿನ ಅದು ಹತ್ತನೇ ಒಂದು ಪಾಲಾಯಿತು. 2 ಜಿಬಿ ಬ್ಯಾಕಪ್ ಮೊದಲು 20 ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಈಗ ಮೂರು ನಿಮಿಷ. ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಫೋನ್ ಬಂದ ದಿನದಿಂದಲೇ ನಿಧಾನ.

ಇದನ್ನು ನೋಡುವುದು ಸುಲಭ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ತೆರೆದು ಲಿಂಕ್ ಸ್ಪೀಡ್ ನೋಡಿ. 1000 ಇರಬೇಕಾದಲ್ಲಿ 100 ಇದೆಯೇ? ಕಂಪ್ಯೂಟರಿನ ಕೇಬಲನ್ನು ಫೋನಿನಿಂದ ಬಿಡಿಸಿ ನೇರ ಗೋಡೆಗೆ ಹಾಕಿ. 1000 ಆದರೆ ಫೋನೇ ಕಾರಣ. ಆಗಲೂ 100 ಅಂದರೆ ಕೇಬಲ್ ನೋಡಿ. 100ಕ್ಕೆ ಎರಡು ಜೋಡಿ ತಂತಿ ಸಾಕು, 1000ಕ್ಕೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ಸಡಿಲವಾದರೂ ಲಿಂಕ್ 100ಕ್ಕೆ ಇಳಿದುಬಿಡಬಹುದು. ಮುಂಬೈ ಮಳೆಗಾಲದಲ್ಲಿ ಕಿಟಕಿ ಪಕ್ಕದ ಸಾಕೆಟ್ಟಿನ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಟಾರ್ಚ್ ಹಾಕಿ ನೋಡಿದರೆ ಕಾಣುತ್ತದೆ.

ಈಗ ಮಾಲೀಕರ ಮಾತಿಗೆ ಬನ್ನಿ. 300ರ ಲೈನ್ ತೆಗೆದುಕೊಂಡಿದ್ದರೆ ಏನಾಗುತ್ತಿತ್ತು? 24ರಲ್ಲಿ 20 ಕಂಪ್ಯೂಟರ್ ಫೋನಿನ ಹಿಂದೆ ಇದ್ದವು. ಅವುಗಳಲ್ಲಿ ಯಾವುದಕ್ಕೂ 100ಕ್ಕಿಂತ ಜಾಸ್ತಿ ಬರುತ್ತಿರಲಿಲ್ಲ. ಸರ್ವರಿನ ಫೈಲ್ ಅಂತೂ ಇಂಟರ್ನೆಟ್ ಲೈನನ್ನು ಮುಟ್ಟುವುದೇ ಇಲ್ಲ. ತಿಂಗಳು ತಿಂಗಳು ಬಿಲ್ ಮಾತ್ರ ಏರುತ್ತಿತ್ತು.

ಎಲ್ಲ ಫೋನ್ ಬದಲಿಸುವುದೂ ಬೇಕಾಗಲಿಲ್ಲ. ದೊಡ್ಡ ಫೈಲ್ ಹಿಡಿದು ಕೆಲಸ ಮಾಡುವವರು ಐದೇ ಜನ. ಸ್ವಿಚ್ 48 ಪೋರ್ಟಿನದ್ದು, ಜಾಗ ಖಾಲಿ ಇತ್ತು. ಆ ಐದು ಮೇಜಿಗೆ ಹೊಸ ಕೇಬಲ್ ಎಳೆದು ಕಂಪ್ಯೂಟರ್ ನೇರ ಹಾಕಿದೆವು. ಉಳಿದ 15 ಫೋನಿನ ಹಿಂದೆಯೇ ಇವೆ. ಅವರ ಕೆಲಸ ಬ್ರೌಸರಿನಲ್ಲಿ, ಲೈನೇ 100ರದ್ದು, ಅವರಿಗೆ ಏನೂ ನಷ್ಟ ಇಲ್ಲ.

ಎರಡನೇ ರೋಗ: ಗಲ್ಲಿಯ ಬಾಯಲ್ಲಿ ನಿಂತ ಸ್ಕೂಟರು

ಸಂಜೆ 4ಕ್ಕೆ ಆ ಆಫೀಸಿನಲ್ಲಿ ಏನು ನಡೆಯುತ್ತದೆ? ದಿನದ ಬಿಲ್ಟಿ, ಡೆಲಿವರಿ ಚೀಟಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಕ್ಲೌಡಿಗೆ ಏರಿಸುತ್ತಾರೆ. ಮೂರು ಸ್ಕ್ಯಾನರು, ನೂರಾರು ಪುಟ. ಲೈನಿನ ಕಾಗದ ತೆಗೆಸಿ ನೋಡಿದೆ. ಡೌನ್‌ಲೋಡ್ 100, ಅಪ್‌ಲೋಡ್ 20. ಎಲ್ಲರೂ ಮೊದಲನೇ ಅಂಕಿಯನ್ನಷ್ಟೇ ನೆನಪಿಟ್ಟುಕೊಂಡಿದ್ದರು. ಫೋನಿಗೆ ಎರಡೂ ದಿಕ್ಕು ಬೇಕು.

ಗುಮಾನಿ ಬಂದರೆ ಸಾಲದು, ಖಾತ್ರಿ ಆಗಬೇಕು. ನಾಲ್ಕೂಕಾಲಿಗೆ ಸ್ಕ್ಯಾನ್ ಹುಡುಗನಿಗೆ ಐದು ನಿಮಿಷ ನಿಲ್ಲಿಸಪ್ಪಾ ಎಂದೆ. ಪಿಂಗ್ 600ರಿಂದ 6ಕ್ಕೆ ಇಳಿಯಿತು. ಶುರು ಮಾಡು ಎಂದೆ. ಮತ್ತೆ ಏರಿತು. ಇನ್ನೊಮ್ಮೆ ನಿಲ್ಲಿಸಿದೆವು, ಇನ್ನೊಮ್ಮೆ ಇಳಿಯಿತು. ಒಂದು ಸಲ ಆದದ್ದು ಕಾಕತಾಳೀಯ ಇರಬಹುದು, ಹೀಗಾಗಿ ಎರಡು ಸಲ ಮಾಡಿ ನೋಡಿದೆ. ನೀವೂ ಹಾಗೇ ಮಾಡಿ.

ಮಾಲೀಕರಿಗೆ ಇದನ್ನು ಕಿಟಕಿಯಿಂದಲೇ ತೋರಿಸಿದೆ. ಕೆಳಗಿನ ಗಲ್ಲಿಯಲ್ಲಿ ನಾಲ್ಕು ಕೈಗಾಡಿ ಸಾಲಾಗಿ ನಿಂತಿದ್ದವು, ಮೇಲೆ ಬಟ್ಟೆಯ ಬೇಲ್. ಹಿಂದೆ ಒಂದು ಸ್ಕೂಟರು. ಸ್ಕೂಟರಿಗೆ ಬೇಕಾದದ್ದು ಎರಡಡಿ ಜಾಗ. ಆದರೂ ಗಾಡಿಗಳು ಹೋಗುವ ತನಕ ಅದು ಅಲ್ಲಾಡುವ ಹಾಗಿಲ್ಲ. ಮಾತಿನ ಚೂರು ಆ ಸ್ಕೂಟರು, ಸ್ಕ್ಯಾನಿನ ಫೈಲು ಕೈಗಾಡಿ. ಮುಂದೆ ಹೈವೇ ಎಷ್ಟು ಅಗಲ ಇದ್ದರೇನು, ಸರತಿ ನಿಂತಿರುವುದು ಗಲ್ಲಿಯ ಬಾಯಲ್ಲಿ. ಲಾರಿ ವ್ಯವಹಾರದವರು, ತಕ್ಷಣ ಹಿಡಿದರು. "ಹಾಗಾದ್ರೆ ಸ್ಕೂಟರಿಗೆ ಮೊದಲು ಬಿಡುವ ಒಬ್ಬ ಆಳು ಬೇಕು" ಎಂದರು. ಅದೇ ಮದ್ದು.

ತಾಂತ್ರಿಕವಾಗಿ ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಮೋಡೆಮ್, ರೂಟರುಗಳು ಏನನ್ನೂ ಬಿಸಾಡದೆ ಉದ್ದ ಸರತಿ ಕಟ್ಟಿ ಇಟ್ಟುಕೊಳ್ಳುತ್ತವೆ. ಅದರ ಬಾಲದಲ್ಲಿ ಫೋನ್ ಸಿಕ್ಕಿಬೀಳುತ್ತದೆ. ಬಿಡಿಸುವ ಬಗೆ: ನಿಮ್ಮ ರೂಟರಿನಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾಗಿ ಸಿಗುವ ವೇಗಕ್ಕಿಂತ ಸ್ವಲ್ಪ ಕೆಳಗೆ ಇಡಿ. ನಾವು 20ಕ್ಕೆ 17 ಇಟ್ಟೆವು. ಕಡಿಮೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಹೀಗೆ ಮಾಡಿದರೆ ಸರತಿ ಲೈನಿನವರ ಡಬ್ಬಿಯಲ್ಲಿ ನಿಲ್ಲುವ ಬದಲು ನಿಮ್ಮ ರೂಟರಿನಲ್ಲಿ ನಿಲ್ಲುತ್ತದೆ. ನಿಮ್ಮ ಕೈಯಲ್ಲಿರುವ ಸರತಿಯಲ್ಲಿ ಯಾರು ಮೊದಲು ಎಂದು ನೀವು ಹೇಳಬಹುದು. ಎಸ್‌ಕ್ಯೂಎಂ, ಎಫ್‌ಕ್ಯೂ-ಕೋಡೆಲ್, ಕೇಕ್ ಎಂಬ ಹೆಸರಿನ ಆಯ್ಕೆ ರೂಟರಿನಲ್ಲಿ ಇದ್ದರೆ ಅದನ್ನೇ ಹಾಕಿ. ಎಫ್‌ಕ್ಯೂ-ಕೋಡೆಲ್ ವಿಧಾನ 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್ನೆಟ್ ದಾಖಲೆಯಾಗಿ ಪ್ರಕಟವಾಗಿದೆ. ಸಣ್ಣ ಹರಿವುಗಳನ್ನು ಅದು ತಾನಾಗಿಯೇ ಮುಂದೆ ಬಿಡುತ್ತದೆ.

ಫೋನುಗಳು ತಮ್ಮ ಚೂರಿನ ಮೇಲೆ ಡಿಎಸ್‌ಸಿಪಿ 46 ಎಂಬ ಗುರುತು ಹಾಕುತ್ತವೆ, ಇದು ಅವಸರದ್ದು ಅಂತ. ಆ ಗುರುತಿಗೆ ನಿಮ್ಮ ಸ್ವಿಚ್, ರೂಟರಿನಲ್ಲಿ ಮರ್ಯಾದೆ ಕೊಡಿಸಬಹುದು. ಹೊರಗಿನ ಸಾಮಾನ್ಯ ಇಂಟರ್ನೆಟ್ ಲೈನಿನಲ್ಲಿ ಅದಕ್ಕೆ ಬೆಲೆ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ಮಾರನೇ ಸಂಜೆ ಸ್ಕ್ಯಾನ್ ಪೂರ್ತಿ ಓಡುತ್ತಿದ್ದಾಗ ಪಿಂಗ್ 15 ಇತ್ತು. ಸ್ಕ್ಯಾನ್ ಕೆಲಸ ಹತ್ತು ನಿಮಿಷ ಜಾಸ್ತಿ ತೆಗೆದುಕೊಂಡಿತು. ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ.

ನೆಟ್ ನಿಧಾನ ಅನ್ನಿಸುವ, ಆದರೆ ಅಲ್ಲದ ತೊಂದರೆಗಳು

ನೋಟ್‌ಬುಕ್ಕಿನ ಮೂರನೇ ಪ್ರಶ್ನೆ ನೆನಪಿದೆ ಅಲ್ವಾ? ಕರೆ ಪ್ರತಿ ಸಲ ಸುಮಾರು 32 ಸೆಕೆಂಡಿಗೆ ಕಟ್ಟಾದರೆ ಅದು ವೇಗದ ತೊಂದರೆ ಅಲ್ಲ. ಇಂಟರ್ನೆಟ್ ಫೋನಿನ ಕರೆ ಜೋಡಿಸುವ ಸಿಪ್ ಎಂಬ ನಿಯಮದಲ್ಲಿ ಫೋನ್ ಎತ್ತಿದವರ ಉತ್ತರಕ್ಕೆ ಇನ್ನೊಂದು ಕಡೆಯಿಂದ ‘ತಲುಪಿತು’ ಎಂಬ ಮರುಸಂದೇಶ ಬರಬೇಕು. ಬಾರದಿದ್ದರೆ 32 ಸೆಕೆಂಡ್ ಕಾದು ಕೈಬಿಡುತ್ತದೆ. ಆ ಸಂದೇಶ ಸಾಮಾನ್ಯವಾಗಿ ದಾರಿ ತಪ್ಪುವುದು ರೂಟರಿನಲ್ಲಿ. ಒಬ್ಬರ ಮಾತು ಮಾತ್ರ ಕೇಳಿ ಇನ್ನೊಬ್ಬರದ್ದು ಒಂದಕ್ಷರವೂ ಕೇಳದಿದ್ದರೂ ಹೆಚ್ಚಾಗಿ ಅಲ್ಲೇ ನೋಡಬೇಕು. ರೂಟರಿನಲ್ಲಿ ಸಿಪ್ ಎಎಲ್‌ಜಿ ಎಂಬ ಆಯ್ಕೆ ಹುಡುಕಿ. ಅದು ಸಹಾಯಕ್ಕೆಂದು ಇಟ್ಟದ್ದು, ಆದರೆ ವಿಳಾಸಗಳನ್ನು ತಪ್ಪು ತಿದ್ದಿ ಕೆಡಿಸುವುದೇ ಜಾಸ್ತಿ. ಆಫ್ ಮಾಡಿ, ಫೋನುಗಳನ್ನು ರೀಸ್ಟಾರ್ಟ್ ಮಾಡಿ ನೋಡಿ. ಕರೆ ಸರಿಯಾಗಿ 15 ನಿಮಿಷಕ್ಕೋ ಅರ್ಧ ಗಂಟೆಗೋ ಕಟ್ಟಾದರೆ, ಕರೆ ಇನ್ನೂ ನಡೆದಿದೆಯೇ ಎಂದು ಆಗಾಗ ವಿಚಾರಿಸುವ ಸೆಷನ್ ಟೈಮರ್ ಕಡೆ ನೋಡಿ. ಫೋನುಗಳು ತಾವಾಗಿಯೇ ಆಫ್ ಆಗಿ ಆನ್ ಆಗುತ್ತಿದ್ದರೆ ನೆಟ್ ಕೇಬಲಿನಲ್ಲೇ ಸ್ವಿಚ್ ಕೊಡುವ ಕರೆಂಟ್ ಸಾಲುತ್ತಿದೆಯೇ ಎಂದು ಲೆಕ್ಕ ಹಾಕಿ.

ಎಲ್ಲ ಸರಿ ಇದ್ದೂ ಒಂದೇ ಒಂದು ಫೋನು ಒಡೆಯುತ್ತಿದ್ದರೆ ಸ್ವಿಚ್ಚಿನಲ್ಲಿ ಆ ಪೋರ್ಟಿನ ಲೆಕ್ಕ ತೆಗೆಯಿರಿ. ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟುಬಂದ ಚೂರುಗಳ ಲೆಕ್ಕ) ಏರುತ್ತಾ ಹೋದರೆ ಕೇಬಲ್ ಬದಲಿಸಿ. ಒಂದು ತುದಿಯಲ್ಲಿ ಯಾರೋ ವೇಗವನ್ನು ‘100 ಫುಲ್’ ಎಂದು ಕೈಯಿಂದ ಕಟ್ಟಿಟ್ಟು ಇನ್ನೊಂದು ತುದಿ ಆಟೋದಲ್ಲಿದ್ದರೂ ಹೀಗೇ ಆಗುತ್ತದೆ. ಎರಡನ್ನೂ ಆಟೋಗೆ ಹಾಕಿ.

ಇನ್ನೂ ಆಳಕ್ಕೆ ಹೋಗಬೇಕಾದರೆ ಕೇಬಲಿನಲ್ಲಿ ಓಡುವ ಚೂರುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್ ಇದೆ. ಅದರ ಟೆಲಿಫೋನಿ ಪಟ್ಟಿಯಲ್ಲಿ ಆರ್‌ಟಿಪಿ ವಿಶ್ಲೇಷಣೆ ತೆರೆದರೆ ಎಷ್ಟು ಚೂರು ಕಳೆದವು, ಜಿಟರ್ ಎಷ್ಟು ಎಂಬುದು ಅಂಕಿಯಲ್ಲೇ ಸಿಗುತ್ತದೆ. ಆದರೆ ಸುಮ್ನೆ ಲ್ಯಾಪ್‌ಟಾಪ್ ಚುಚ್ಚಿದರೆ ಬೇರೆ ಫೋನಿನ ಮಾತು ನಿಮಗೆ ಕಾಣುವುದಿಲ್ಲ. ಸ್ವಿಚ್ಚಿನಲ್ಲಿ ಪೋರ್ಟ್ ಮಿರರಿಂಗ್ (ಒಂದು ಪೋರ್ಟಿನ ಚೂರುಗಳ ನಕಲನ್ನು ಇನ್ನೊಂದಕ್ಕೆ ಕಳಿಸುವ ಆಯ್ಕೆ) ಹಾಕಬೇಕು. ಮುಗಿದ ಮೇಲೆ ತೆಗೆದುಬಿಡಿ. ಬೇರೆಯವರ ಮಾತು ಅದು, ಅಗತ್ಯಕ್ಕಿಂತ ಒಂದು ನಿಮಿಷ ಜಾಸ್ತಿ ತೆರೆದಿಡಬಾರದು.

ಫೋನಿಗೆ ಬೇರೆ ವಿಎಲ್ಯಾನ್ (ಅದೇ ಸ್ವಿಚ್ಚಿನೊಳಗೆ ಪ್ರತ್ಯೇಕ ಜಾಲ) ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಮಾಡಿ, ಒಳ್ಳೆಯದು. ಗುರುತಿಸಲು ಸುಲಭ, ಭದ್ರತೆಗೂ ಸರಿ. ಆದರೆ ಹೊರಗೆ ಹೋಗುವ ಬಾಗಿಲು ಒಂದೇ ಇದ್ದರೆ ವಿಎಲ್ಯಾನ್ ಒಂದರಿಂದಲೇ ಮಾತು ಸ್ವಚ್ಛ ಆಗುವುದಿಲ್ಲ.

ಆಗಸ್ಟಿನಲ್ಲಿ ಬಂದ ಇನ್ನೊಂದು ಕರೆ

ಮಳೆಗೆ ಕಿಟಕಿ ಸೋರಿ ಮೇಜುಗಳ ಜಾಗ ಬದಲಿಸಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಇಡೀ ಆಫೀಸು ನಿಂತುಹೋಯಿತು. ಫೋನ್ ಇಲ್ಲ, ಸರ್ವರ್ ಇಲ್ಲ, ಈ ಸಲ ರೂಟರಿಗೂ ಪಿಂಗ್ ಇಲ್ಲ. ನಾನು ಹೋದಾಗ ಸ್ವಿಚ್ಚಿನ ದೀಪಗಳೆಲ್ಲ ಒಂದೇ ತಾಳದಲ್ಲಿ ಬಿಡುವಿಲ್ಲದೆ ಮಿನುಗುತ್ತಿದ್ದವು. ಆ ಮಿನುಗು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದು ಲೂಪ್. ಯಾವುದೋ ಫೋನಿನ ಎರಡೂ ಪೋರ್ಟು ಗೋಡೆಯ ಎರಡು ಸಾಕೆಟ್ಟಿಗೆ ಹೋಗಿದೆ. ಒಂದು ಕಡೆಯಿಂದ ಹೊರಟ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕಳಿಸುವ ಸಂದೇಶ) ಇನ್ನೊಂದು ಕಡೆಯಿಂದ ಸ್ವಿಚ್ಚಿಗೇ ವಾಪಸ್ ಬಂದು ಸುತ್ತುತ್ತಲೇ ಇರುತ್ತದೆ.

ಮೇಜು ಮೇಜು ಬಗ್ಗಿ ನೋಡಬೇಡಿ, ಹೊತ್ತು ಹೋಗುತ್ತದೆ. ಸ್ವಿಚ್ಚಿನ ಹತ್ತಿರ ನಿಂತು ಅರ್ಧ ಕೇಬಲ್ ಕೀಳಿ. ದೀಪ ಶಾಂತವಾದರೆ ಕಳ್ಳ ಕಿತ್ತ ಅರ್ಧದಲ್ಲಿದ್ದಾನೆ. ಅದರಲ್ಲಿ ಅರ್ಧ ವಾಪಸ್ ಹಾಕಿ, ಮತ್ತೆ ನೋಡಿ. ಆಗ ಸುಮಾರು 30 ಕೇಬಲ್ ಇದ್ದವು. ಐದನೇ ಸಲಕ್ಕೆ ಸಿಕ್ಕಿತು. ಹೊಸ ಜಾಗಕ್ಕೆ ಬಂದ ಬುಕಿಂಗ್ ಮೇಜಿನ ಫೋನು. ಕಂಪ್ಯೂಟರ್ ಪಕ್ಕದ ಮೇಜಿಗೆ ಹೋಗಿತ್ತು. ನೇತಾಡುತ್ತಿದ್ದ ಕೇಬಲನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಖಾಲಿ ಸಾಕೆಟ್ಟಿಗೆ ಚುಚ್ಚಿದ್ದರು.

ಇಂಥ ಸುತ್ತು ಕಂಡರೆ ಒಂದು ದಾರಿಯನ್ನು ಮುಚ್ಚುವ ಸ್ಪ್ಯಾನಿಂಗ್ ಟ್ರೀ ಎಂಬ ಆಯ್ಕೆ ಸ್ವಿಚ್ಚಿನಲ್ಲಿ ಆಫ್ ಇತ್ತು. ಆನ್ ಮಾಡಿ, ಜೊತೆಗೆ ಲೂಪ್ ತಡೆಯುವ ಆಯ್ಕೆಯನ್ನೂ ಹಾಕಿದೆ. ಇದನ್ನು ಮೇ ತಿಂಗಳಲ್ಲೇ ನೋಡಬೇಕಿತ್ತು, ನೋಡಿರಲಿಲ್ಲ. ಆಮೇಲೆ ಅಕ್ಕ, ನಾನು ಸೇರಿ 20 ಫೋನಿನ ಹಿಂದೆಯೂ ಚೀಟಿ ಅಂಟಿಸಿದೆವು. ಕನ್ನಡ, ಮರಾಠಿ, ಹಿಂದಿ, ಮೂರರಲ್ಲೂ: ‘ಈ ತೂತಿಗೆ ಕಂಪ್ಯೂಟರ್ ಮಾತ್ರ. ಗೋಡೆಗೆ ಹಾಕಬೇಡಿ.’